ಗಿಡಮೂಲಿಕೆಗೆ ಹಾಕಿದ ಹೊಗೆಯ ಲೆಕ್ಕ ಕೊಳ್ಳುವವರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲೂ ಕಷಾಯಕ್ಕೆ ಬೇಕಾದ ಒಣಶುಂಠಿ, ಹಿಪ್ಪಲಿ, ಅಳಲೆಕಾಯಿಗಳನ್ನು ಈಗ ಹೆಚ್ಚಾಗಿ ಗ್ರಂದಿಗೆ ಅಂಗಡಿಯಿಂದಲೇ ತರುತ್ತೇವೆ. ಅವು ಹುಳ ಹಿಡಿಯದಂತೆ, ಬೂಷ್ಟು ಬಾರದಂತೆ ಏನು ಹಾಕಿದ್ದಾರೆ ಎಂದು ಕೇಳಿದರೆ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಈ ವಿವರ ಕೊಳ್ಳುವವರಿಗೆ ಸಿಗಲೇಬೇಕು ಎಂಬುದು ನನ್ನ ಒತ್ತಾಯ.

ಈಚೆಗೆ ತಂದ ಒಣಶುಂಠಿಯ ಪೊಟ್ಟಣ ಬಿಚ್ಚಿದಾಗ ಶುಂಠಿಯ ಪರಿಮಳಕ್ಕಿಂತ ಮೊದಲು ಬೆಂಕಿಕಡ್ಡಿ ಗೀರಿದಂಥ ಘಾಟು ಮೂಗಿಗೆ ಬಡಿಯಿತು. ಮನೆಯಲ್ಲಿ ಒಣಗಿಸಿದ ಶುಂಠಿ ಕಂದುಬಣ್ಣಕ್ಕೆ ತಿರುಗಿ ಸುಕ್ಕಾಗಿರುತ್ತದೆ. ಇದು ಒಂದೇ ಸಮನೆ ಬಿಳುಪಾಗಿತ್ತು, ಜಜ್ಜಿ ಬಾಯಿಗೆ ಹಾಕಿಕೊಂಡರೆ ಖಾರ ಮಾತ್ರ ತೀರಾ ಮಂದ. ಗಂಧಕದ ಹೊಗೆ ಹಾಕಿದ್ದರ ಲಕ್ಷಣ ಇದಿರಬಹುದು. ಗಂಧಕ ಸುಟ್ಟ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ಬಣ್ಣವನ್ನು ಬಿಳುಪಾಗಿಸಿ, ಹುಳ ಮತ್ತು ಬೂಷ್ಟನ್ನು ತಡೆಯುತ್ತದೆ ನಿಜ. ಆದರೆ ಅದರಿಂದ ಪದಾರ್ಥದಲ್ಲಿ ಉಳಿಯುವ ಸಲ್ಫೈಟ್ ಎಂಬ ಗಂಧಕದ ಸಂಯುಕ್ತ ಅಸ್ತಮಾ ಇರುವ ಕೆಲವರಲ್ಲಿ ಉಬ್ಬಸವನ್ನು ಕೆರಳಿಸುತ್ತದೆ, ಶುಂಠಿಯ ಖಾರಾಂಶದ ಒಂದು ಭಾಗವೂ ಗಂಧಕದೊಡನೆ ಸೇರಿ ಬೇರೆಯೇ ಸಂಯುಕ್ತವಾಗುತ್ತದೆ. ಕೆಮ್ಮು ದಮ್ಮಿಗೆಂದು ಕಷಾಯ ಕುಡಿಯುವವರಿಗೇ ಇದು ತಗಲುತ್ತದೆಂಬುದು ನನ್ನನ್ನು ಹೆಚ್ಚು ಕಳವಳಗೊಳಿಸಿದೆ. ಗಂಧಕದ ಹೊಗೆ ಹಾಕುವ ರೂಢಿ ಹಳೆಯದಾಗಿರುವ ಚೀನಾದಲ್ಲಿ ಹೆಚ್ಚಿನ ಮೂಲಿಕೆಗಳಿಗೆ ಕಿಲೋಗೆ 150 ಮಿಲಿಗ್ರಾಂ, ಹತ್ತು ಮೂಲಿಕೆಗಳಿಗೆ 400 ಮಿಲಿಗ್ರಾಂ ಎಂದು ಸಲ್ಫರ್ ಡೈಆಕ್ಸೈಡ್ ಉಳಿಕೆಯ ಮಿತಿ ಗೊತ್ತುಮಾಡಿದ್ದಾರೆ.

ಗೋದಾಮುಗಳಲ್ಲಿ ಹುಳ ಕೊಲ್ಲಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ವಿಚಾರ ಬೇರೆ. ತೇವ ತಗಲಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಬಲ್ಲವರು ಸರಿಯಾಗಿ ಮುಚ್ಚಿ, ಆಮೇಲೆ ಸಾಕಷ್ಟು ಗಾಳಿಯಾಡಿಸಿದರೆ ಉಳಿಕೆ ಅತ್ಯಲ್ಪ. ಜನ ಓಡಾಡುವ ಮಳಿಗೆಯಲ್ಲಿ ಚೀಲಗಳ ನಡುವೆ ಮಾತ್ರೆ ತುರುಕಿದರೆ ಪ್ರಾಣಕ್ಕೇ ಅಪಾಯ. ಕ್ರಿಮಿಶುದ್ಧಿಗೆ ಬಳಸುವ ಎಥಿಲೀನ್ ಆಕ್ಸೈಡನ್ನಂತೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ರಾಸಾಯನಿಕ ಬೇಡವೆಂದ ಮಾತ್ರಕ್ಕೆ ಮೂಲಿಕೆ ಸುರಕ್ಷಿತವಾಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಅರೆಬರೆ ಒಣಗಿದ ಬೇರಿನಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ವಿಷವನ್ನು ಬಿಡುತ್ತವೆ. ಕಷಾಯ ಕುದಿಸಿದರೂ ಅದು ನಾಶವಾಗದು, ಹುಳ ಕೊಲ್ಲುವ ಹೊಗೆಗೂ ಅದು ಜಗ್ಗದು. ಆದ್ದರಿಂದ ಒಣಗಿಸುವ ಹಂತದಲ್ಲೇ ತೇವಾಂಶವನ್ನು ಶೇ 10ರ ಆಸುಪಾಸಿಗೆ ಇಳಿಸುವುದು ಮುಖ್ಯ. ನಮ್ಮ ಘಟ್ಟದ ಮಳೆಯಲ್ಲಿ ಇದು ಸುಲಭವಲ್ಲ. ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಂತೂ ಹಣ್ಣಾಗುವುದೇ ಮಳೆಗಾಲದಲ್ಲಿ. ಅದನ್ನು ಸೌದೆ ಉರಿಸಿ ಒಣಗಿಸುವವರ ಕಷ್ಟ ನೋಡಿದವರಿಗೆ ಗೊತ್ತು. ಕಾಡಿನಿಂದ ಹೊತ್ತು ತಂದವರು ಹಸಿ ಮಾಲನ್ನೇ ಕಡಿಮೆ ದರಕ್ಕೆ ಕೊಟ್ಟುಬಿಡುತ್ತಾರೆ, ಮುಂದೆ ಅದಕ್ಕೆ ಯಾರು ಏನು ಹಾಕುತ್ತಾರೋ ಅವರಿಗೂ ತಿಳಿಯದು.

ಗ್ರಾಮ ಅರಣ್ಯ ಸಮಿತಿಗಳಿಗೆ ಡ್ರೈಯರ್ ಮತ್ತು ತೇವಾಂಶ ಅಳೆಯುವ ಮೀಟರ್ ಒದಗಿಸಲು ಅರಣ್ಯ ಇಲಾಖೆ ಮುಂದಾಗಬೇಕು. ಸಗಟು ವ್ಯಾಪಾರಿಗಳು ಪ್ರತಿ ಚೀಲದ ಮೇಲೆ ಕೊಯ್ಲಿನ ತಿಂಗಳು, ಹಾಕಿದ ಹೊಗೆ ಅಥವಾ ಔಷಧದ ಹೆಸರು, ಹಾಕಿದ ದಿನಾಂಕ ಬರೆಯುವುದನ್ನು ಕಡ್ಡಾಯ ಮಾಡಬೇಕು. ಚಿಲ್ಲರೆ ಅಂಗಡಿಯವರು ಅದೇ ಚೀಟಿಯನ್ನು ಗಿರಾಕಿಗೆ ಕಾಣುವಂತೆ ಇಡಬಹುದು. ಚೂರ್ಣವು ಎರಡು ತಿಂಗಳ ಮೇಲೆ ವೀರ್ಯ, ಅಂದರೆ ಔಷಧದ ಶಕ್ತಿ, ಕಳೆದುಕೊಳ್ಳುತ್ತದೆ ಎಂದು ಆಯುರ್ವೇದ ಗ್ರಂಥವಾದ ಶಾರ್ಙ್ಗಧರ ಸಂಹಿತೆಯೇ ಹೇಳಿರುವಾಗ, ಕೊಯ್ಲಿನ ತಿಂಗಳು ತಿಳಿಯುವುದು ವೈದ್ಯರಿಗೂ ಬೇಕಾದ ಸಂಗತಿ. ಅನುಮಾನ ಬಂದ ಮಾದರಿಯಲ್ಲಿ ಸಲ್ಫೈಟ್ ಮತ್ತು ಅಫ್ಲಾಟಾಕ್ಸಿನ್ ಎರಡನ್ನೂ ಸಾಮಾನ್ಯರು ಕೈಗೆಟುಕುವ ಶುಲ್ಕ ಕೊಟ್ಟು ಜಿಲ್ಲೆಯೊಳಗೇ ಪರೀಕ್ಷೆ ಮಾಡಿಸಿಕೊಳ್ಳುವಂತಾಗಬೇಕು. ಬರುವ ಶುಂಠಿ ಹಂಗಾಮಿಗೆ ಮೊದಲೇ ಆಯುಷ್ ಇಲಾಖೆ ಮತ್ತು ಜಿಲ್ಲಾಡಳಿತ ವ್ಯಾಪಾರಿಗಳನ್ನೂ ಸಂಗ್ರಾಹಕರನ್ನೂ ಕರೆದು ಈ ಬಗ್ಗೆ ಸಭೆ ನಡೆಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗರು, ಶಿರಸಿ