ಮಗಳಿಗೊಂದು ಪತ್ರ: ನರತಂತುವಿನ ತುದಿಯ ಕೈ

ಪುಟ್ಟೀ,

ಬೆನ್ನುಹುರಿಯಿಂದ ಹೊರಟ ನರತಂತುವಿಗೆ ಕಾಲ್ಬೆರಳಿನ ದಾರಿ ಹೇಗೆ ಗೊತ್ತು ಎಂದು ಕೇಳಿದ್ದೀಯ. ಅದಕ್ಕೆ ಇಡೀ ದಾರಿ ಗೊತ್ತಿರುವುದೇ ಇಲ್ಲ. ನಿಂತಲ್ಲೇ ಸುತ್ತ ತಡವಿ ಮುಂದಿನ ಹೆಜ್ಜೆಯನ್ನಷ್ಟೇ ತೀರ್ಮಾನಿಸುತ್ತದೆ.

ತಡವುವ ಕೈ ಇರುವುದು ಆಕ್ಸಾನಿನ, ಅಂದರೆ ನರಕೋಶದಿಂದ ಹೊರಡುವ ಆ ಉದ್ದ ತಂತುವಿನ, ತುದಿಯಲ್ಲಿ. 1890ರಲ್ಲಿ ಸ್ಪೇನಿನ ನರವಿಜ್ಞಾನಿ ಕಹಾಲ್ ಅದಕ್ಕೆ ‘ಬೆಳವಣಿಗೆಯ ಶಂಕು’ ಎಂದು ಹೆಸರಿಟ್ಟರು. ಅವರು ನೋಡಿದ್ದು ಬಣ್ಣ ಹಿಡಿಸಿದ ಸತ್ತ ಅಂಗಾಂಶ. 1907ರಲ್ಲಿ ಅಮೆರಿಕದ ಜೀವವಿಜ್ಞಾನಿ ರಾಸ್ ಹ್ಯಾರಿಸನ್ ಕಪ್ಪೆಭ್ರೂಣದ ನರನಾಳದ ಚೂರನ್ನು ದುಗ್ಧರಸದ ಹನಿಯಲ್ಲಿಟ್ಟು, ತಂತು ಬೆಳೆಯುವುದನ್ನು ಕಣ್ಣಾರೆ ಕಂಡರು. ಶಂಕುವಿನಿಂದ ಚಾಚುವ ಬೆರಳುಗಳೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿವೆ; ಅವು ತುದಿಯಲ್ಲಿ ಬೆಳೆಯುತ್ತ, ಸದಾ ಹಿಂದಕ್ಕೆ ಜಾರುತ್ತಿರುತ್ತವೆ. ಬೆರಳು ನೆಲಕ್ಕೆ ಅಂಟಿದಾಗ ಆ ಜಾರುವಿಕೆ ನಿಧಾನವಾಗಿ, ತುದಿ ಮುಂದೆ ಒತ್ತುತ್ತದೆ. ಹಿಂದಿನಿಂದ ಮೈಕ್ರೋಟ್ಯೂಬ್ಯೂಲುಗಳೆಂಬ ಸಣ್ಣ ಪ್ರೋಟೀನ್ ಕೊಳವೆಗಳು ಬಂದು ಆ ಜಾಗವನ್ನು ಗಟ್ಟಿಮಾಡುತ್ತವೆ. ಎಡಬದಿಗಷ್ಟೇ ಹಿಡಿತ ಸಿಕ್ಕರೆ ತಂತು ಎಡಕ್ಕೆ ಹೊರಳುತ್ತದೆ.

ನನಗೆ ಅತಿ ಸೊಗಸೆನಿಸುವುದು ಬೆನ್ನುಹುರಿಯ ನಡುಗೆರೆ ದಾಟುವ ತಂತುಗಳು. ಅವು ನಡುಗೆರೆಯತ್ತ ಬರುವುದು ನೆಟ್ರಿನ್ ಪ್ರೋಟೀನಿನ ಸೆಳೆತದಿಂದ. ತಂತುವಿನ ಮೇಲೆ ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನಿನ ಹೆಸರು ಡಿಸಿಸಿ. ನೆಟ್ರಿನ್ ದೂರದಿಂದ ಕರೆಯುತ್ತದೆ ಎಂದೇ ಪಠ್ಯಗಳು ಹೇಳುತ್ತಿದ್ದವು. 2017ರ ಇಲಿ ಪ್ರಯೋಗಗಳಲ್ಲಿ ದಾರಿಯ ಪಕ್ಕದ ಕೋಶಗಳೇ ಒದಗಿಸುವ ನೆಟ್ರಿನ್ ಹೆಚ್ಚು ಮುಖ್ಯ ಎಂದು ಕಂಡಿತು. ಪಠ್ಯದ ಹಳೆಯ ಚಿತ್ರವನ್ನು ನೋಡುವಾಗ ಇದು ನೆನಪಿರಲಿ. ಇನ್ನು, ಅದೇ ನಡುಗೆರೆಯಲ್ಲಿ ದೂರ ತಳ್ಳುವ ಸ್ಲಿಟ್ ಎಂಬ ಪ್ರೋಟೀನೂ ಇದೆ. ದಾಟುವ ಮುನ್ನ ತಂತುವಿನ ಮೇಲಿನ ರೋಬೋ-3 ಎಂಬ ಪ್ರೋಟೀನು ಆ ತಳ್ಳುವಿಕೆಯನ್ನು ಅಡಗಿಸಿರುತ್ತದೆ. ದಾಟಿದ ಮೇಲೆ ಸ್ಲಿಟ್ ಅನ್ನು ಗುರುತಿಸುವ ಗ್ರಾಹಕ ರೋಬೋ-1 ಹೆಚ್ಚಿ, ತಂತು ಹಿಂದಿರುಗಲಾರದು. ನೆಲ ಬದಲಾಗಲಿಲ್ಲ, ಕೈ ಬದಲಾಯಿತು. ರೋಬೋ-3 ಜೀನಿನ ಎರಡೂ ಪ್ರತಿಗಳು ಕೆಟ್ಟ ಮಕ್ಕಳಲ್ಲಿ ಹಿಂಮೆದುಳಿನ ಹಲವು ತಂತುಗಳು ದಾಟುವುದೇ ಇಲ್ಲ: ಕಣ್ಣುಗುಡ್ಡೆ ಅಕ್ಕಪಕ್ಕ ಹೊರಳದು, ಬೆನ್ನೆಲುಬು ಡೊಂಕಾಗುತ್ತ ಹೋಗುತ್ತದೆ.

ಗುರಿ ಮುಟ್ಟಿದ್ದೆಲ್ಲ ಉಳಿಯುವುದೂ ಇಲ್ಲ. ಸ್ನಾಯುಗಳಿಗೆ ಹೋಗುವ ನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದಲ್ಲೇ ಸಾಯುತ್ತವೆ.

ನೀನು ನರಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವಾಗ ಮೊದಲು ನೋಡಬೇಕಾದದ್ದು ನೆಲ. ಕೋಶ ಅಂಟಲು ನೆರವಾಗುವ ಪಾಲಿಲೈಸಿನ್ ಲೇಪಿಸಿ ರಾತ್ರಿಯಿಡೀ ಬಿಟ್ಟು, ಮೂರು ಸಲ ಶುದ್ಧ ನೀರಿನಲ್ಲಿ ತೊಳೆ. ಅಂಟದೆ ಉಳಿದದ್ದು ಕೋಶಕ್ಕೆ ವಿಷ. ಆಮೇಲೆ ತಂತುಗಳಿಗೆ ಹಿಡಿತ ಕೊಡುವ ಲ್ಯಾಮಿನಿನ್ ಪ್ರೋಟೀನು ಹಚ್ಚು, ಅದು ಒಣಗಬಾರದು. ತಟ್ಟೆ ಇಡುವ ಪೆಟ್ಟಿಗೆಯಲ್ಲಿ 37 ಡಿಗ್ರಿ ಸೆಲ್ಸಿಯಸ್, 5% ಇಂಗಾಲದ ಡೈಆಕ್ಸೈಡ್ ಇರಲಿ. ಮೆದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ನ ಕೋಶವಾದರೆ ಮೊದಲು ಹಲವು ಗಿಡ್ಡ ಚಾಚುಗಳು ಬರುತ್ತವೆ. ಸುಮಾರು ಒಂದೂವರೆ ದಿನಕ್ಕೆ ಅವುಗಳಲ್ಲಿ ಒಂದು ಉದ್ದವಾಗಿ ಆಕ್ಸಾನ್ ಆಗುತ್ತದೆ. ಕೋಶಗಳು ಗುಂಪುಗಟ್ಟಿ, ತಂತುಗಳು ಒಂದಕ್ಕೊಂದು ಹೆಣೆದು ಹಗ್ಗದಂತೆ ಕಂಡರೆ ಕೋಶ ಬೆಳೆಸುವ ಪೋಷಕದ್ರವವನ್ನು ಬೈಯಬೇಡ. ಮೊದಲು ಲೇಪನವನ್ನು ಅನುಮಾನಿಸು.

ನಿನ್ನ ಅಮ್ಮ