ಮನೆಶಾಲೆಯ ಪಾಠಕ್ಕೆ ಕಿಟೆಲ್, ಮೋಗ್ಲಿಂಗರೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಜುಲೈ 1ರ ಪತ್ರಿಕಾ ದಿನದಂದು ಹರ್ಮನ್ ಮೋಗ್ಲಿಂಗ್ ಹೆಸರು ಎಲ್ಲೆಡೆ ಕೇಳುತ್ತದೆ, ಮರುದಿನ ಯಾರ ಬಾಯಲ್ಲೂ ಇರುವುದಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯ ಈ ಪಾದ್ರಿಯ ಬದುಕು ಮಕ್ಕಳಿಗೆ ಆರು ವಾರ ಪಾಠ ಹೇಳಿದರೂ ಮುಗಿಯದಷ್ಟಿದೆ. ಮಕ್ಕಳನ್ನು ಮನೆಯಲ್ಲೇ ಓದಿಸುವ ಕ್ರೈಸ್ತ ಕುಟುಂಬಗಳು ಮಿಷನರಿಗಳ ಜೀವನಚರಿತ್ರೆಯನ್ನು ನಡುಗಂಬ ಮಾಡಿಕೊಂಡು, ಅದರ ಸುತ್ತ ಚರಿತ್ರೆ, ಭೂಗೋಳ, ವಿಜ್ಞಾನ, ಭಾಷೆಗಳನ್ನು ಕಟ್ಟುತ್ತಾರೆ. ಇದಕ್ಕೆ ಯೂನಿಟ್ ಸ್ಟಡಿ ಎನ್ನುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಸುಲಭವಾಗಿ ಸಿಗುವ ಕೈಪಿಡಿಗಳು ಹೊರದೇಶದಲ್ಲಿ ಅಲ್ಲಿನ ಮಕ್ಕಳಿಗಾಗಿ ತಯಾರಾದವು. ಹಿಮದ ಮನುಷ್ಯ ಮಾಡಿ, ಓವನ್‌ನಲ್ಲಿ ಬ್ರೆಡ್ ಬೇಯಿಸಿ, ನಿಮ್ಮ ರಾಜ್ಯದ ಪಕ್ಷಿಯ ಚಿತ್ರ ಅಂಟಿಸಿ ಎಂಬಂಥ ಚಟುವಟಿಕೆಗಳೇ ತುಂಬಿರುತ್ತವೆ. ದಾವಣಗೆರೆಯ ಮಗು ಅದನ್ನು ಮಾಡಿ ಮುಗಿಸುತ್ತದೆ, ತನ್ನದೆಂದುಕೊಳ್ಳುವುದಿಲ್ಲ. ಕೈಗೆ ಎಟಕುವ ಬದುಕುಗಳನ್ನು ಮೊದಲು ಆರಿಸಿಕೊಳ್ಳಿ, ದೂರದವರು ಆಮೇಲೆ ಬರಲಿ ಎಂಬುದು ನಮ್ಮ ಕೋರಿಕೆ. ಹೇಗೆ ಎಂಬುದನ್ನೂ ಇಲ್ಲೇ ಬರೆಯುತ್ತಿದ್ದೇವೆ.

ಮೊದಲು ಅಳತೆಯ ಮಾತು. ಒಂದು ಬದುಕಿಗೆ ಆರು ವಾರ, ವಾರಕ್ಕೆ ನಾಲ್ಕು ದಿನ ಓದು, ಐದನೆಯ ದಿನ ಕೈಕೆಲಸ. ಇನ್ನೂರು ಪುಟದ ಪುಸ್ತಕವನ್ನು 24 ದಿನಕ್ಕೆ ಹಂಚಿದರೆ ದಿನಕ್ಕೆ ಎಂಟೊಂಬತ್ತು ಪುಟ, ಜೋರಾಗಿ ಓದಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಓದಾದ ಕೂಡಲೇ ಪುಸ್ತಕ ಮುಚ್ಚಿ, ಕೇಳಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬೇಕು. ಪ್ರಶ್ನೆ ಕೇಳಿ ಉತ್ತರ ಹೊರಡಿಸುವುದು ಬೇಡ. ಎಂಟು ವರ್ಷದೊಳಗಿನವರಿಗೆ ಹತ್ತು ನಿಮಿಷ ಬಾಯಲ್ಲಿ ಕಥೆ ಹೇಳಿದರೆ ಸಾಕು. ಹನ್ನೆರಡು ವಾರ ಎಳೆದರೆ ಏಳನೆಯ ವಾರಕ್ಕೇ ಮಕ್ಕಳಿಗೆ ಆ ಹೆಸರು ಕೇಳಿದರೆ ಬೇಸರ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಎಲ್ಲ ವಿಷಯವನ್ನೂ ಒಂದೇ ಕಂಬಕ್ಕೆ ಕಟ್ಟುವ ಹುರುಪಿನಲ್ಲಿ ಗಣಿತವನ್ನೂ ತಂದು ಕಟ್ಟುತ್ತಾರೆ. ಹಡಗು ಎಷ್ಟು ಮೈಲಿ ಹೋಯಿತು ಎಂದು ಕೂಡಿಸಿದರೆ ಭಿನ್ನರಾಶಿ ಬರುವುದಿಲ್ಲ. ಗಣಿತಕ್ಕೂ ಕನ್ನಡ ವ್ಯಾಕರಣಕ್ಕೂ ಪ್ರತಿದಿನ ಅವುಗಳದೇ ಹೊತ್ತು ಇರಲೇಬೇಕು. ಮನೆಯಲ್ಲಿ ಓದುವ ಮಕ್ಕಳು ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ಸೆಕೆಂಡರಿ ಪರೀಕ್ಷೆಗೆ 14 ತುಂಬಿರಬೇಕು. ಅಲ್ಲಿ ಕೇಳುವುದು ಪಠ್ಯಕ್ರಮವನ್ನು, ಕನ್ನಡ ನಿಘಂಟು ಮಾಡಿದ ಮಿಷನರಿ ಕಿಟೆಲರ ಜೀವನವನ್ನಲ್ಲ. ಇದು ತಂದೆತಾಯಿಗೆ ನೆನಪಿರಬೇಕು.

ಗೋಡೆಯ ಮೇಲೆ ಒಂದು ಕಾಲರೇಖೆ ಬೇಕು. ಎರಡು ಮೀಟರ್ ಉದ್ದದ ಕಾಗದ, ವರ್ಷಕ್ಕೆ ಒಂದು ಸೆಂಟಿಮೀಟರ್, 1760ರಿಂದ 1960ರವರೆಗೆ. ಬಂಗಾಳಕ್ಕೆ ಬಂದ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಹುಟ್ಟಿದ 1761ರಿಂದ, ವೆಲ್ಲೂರು ಆಸ್ಪತ್ರೆ ಕಟ್ಟಿದ ಡಾ. ಐಡಾ ಸ್ಕಡರ್ ತೀರಿಕೊಂಡ 1960ರವರೆಗೂ ಸರಿಯಾಗಿ ಹಿಡಿಸುತ್ತದೆ. ಗೆರೆಯ ಮೇಲೆ ಆ ಬದುಕುಗಳು, ಕೆಳಗೆ ನಮ್ಮ ಸೀಮೆ: 1779 ಚಿತ್ರದುರ್ಗ ಹೈದರನ ಕೈಸೇರಿದ್ದು, 1799 ಶ್ರೀರಂಗಪಟ್ಟಣ ಬಿದ್ದದ್ದು, 1876–78 ದೊಡ್ಡ ಬರ, 1907 ಮಾರಿಕಣಿವೆ ಅಣೆಕಟ್ಟು ಮುಗಿದದ್ದು. ಅಳತೆಯಿಲ್ಲದೆ ಬರೀ ಸಾಲಾಗಿ ಚೀಟಿ ಅಂಟಿಸಿದರೆ ಕೇರಿ, ಕಿಟೆಲ್ ಇಬ್ಬರೂ ಅಕ್ಕಪಕ್ಕದ ಮನೆಯವರಂತೆ ಕಾಣುತ್ತಾರೆ. ಕೇರಿ ತೀರಿಕೊಂಡದ್ದು 1834ರಲ್ಲಿ, ಆಗ ಕಿಟೆಲ್ ಎರಡು ವರ್ಷದ ಕೂಸು. ಮದಕರಿ ನಾಯಕನ ದುರ್ಗ ಬಿದ್ದಾಗ ಇಂಗ್ಲೆಂಡಿನ ಹಳ್ಳಿಯಲ್ಲಿ ಜೋಡು ಹೊಲಿಯುವುದನ್ನು ಕಲಿಯುತ್ತಿದ್ದ ಕೇರಿಗೆ ಸುಮಾರು 18 ವರ್ಷ. ಅದೇ ಹುಡುಗ ಮುಂದೆ 1817ರಲ್ಲಿ ಬಂಗಾಳದ ಶ್ರೀರಾಮಪುರದಿಂದ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಸ್ಕೇಲು ಹಿಡಿದು ತಾವೇ ಅಳೆದು ಕಂಡುಕೊಂಡದ್ದನ್ನು ಮಕ್ಕಳು ಮರೆಯುವುದಿಲ್ಲ.

ಭೂಪಟದಲ್ಲಿ ಒಂದೇ ಎಚ್ಚರ. ಕೇರಿಯ ಹಡಗು 1793ರ ಜೂನ್‌ನಲ್ಲಿ ಹೊರಟು ನವೆಂಬರ್‌ನಲ್ಲಿ ಬಂಗಾಳ ಮುಟ್ಟಿತು, ಐದು ತಿಂಗಳ ಪಯಣ. ಈಗಿನ ಭೂಪಟ ಕೊಟ್ಟರೆ ಮಗು ಸೂಯೆಜ್ ಕಾಲುವೆಯೊಳಗೆ ಗೆರೆ ಎಳೆದುಬಿಡುತ್ತದೆ. ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲಿನ ಪಯಣವಾದರೆ ಕಾಲುವೆಯ ಜಾಗವನ್ನು ಮೊದಲೇ ಕೆಂಪು ಪೆನ್ಸಿಲ್‌ನಿಂದ ಮುಚ್ಚಿಡಿ.

ಈಗ ಕಿಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 21ರ ಹರೆಯದಲ್ಲಿ ಇಲ್ಲಿಗೆ ಬಂದು, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದವರು. ಈ ಪಾಠದ ಕೈಕೆಲಸ ಒಂದೇ: ಮಕ್ಕಳೇ ನಲವತ್ತು ಪದಗಳ ನಿಘಂಟು ಮಾಡುವುದು. ಎ4 ಹಾಳೆಯನ್ನು ಎಂಟು ಮಾಡಿ ಕತ್ತರಿಸಿ. ಐದು ಹಾಳೆಗೆ ನಲವತ್ತು ಚೀಟಿ. ಚೀಟಿಗೆ ಒಂದೇ ಪದ. ಪದ, ಅದು ನಾಮಪದವೋ ಕ್ರಿಯಾಪದವೋ, ಅರ್ಥ, ಕೇಳಿದ ವಾಕ್ಯ ಇದ್ದಂತೆಯೇ, ಎಲ್ಲಿ ಕೇಳಿದ್ದು, ಈ ಐದೂ ಇರಬೇಕು. ಪದಗಳು ಪಠ್ಯಪುಸ್ತಕದಿಂದ ಬರಬಾರದು, ಒಂದು ಕಸುಬಿನಿಂದ ಬರಬೇಕು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ, ಚಳ್ಳಕೆರೆ ಕಡೆ ಕಂಬಳಿ ನೇಯುವವರಿದ್ದಾರೆ. ಹಾಸು, ಹೊಕ್ಕು, ಲಾಳಿ ಎಂಬ ಪದಗಳನ್ನು ಮಗ್ಗದ ಮುಂದೆ ನಿಂತು ಕೇಳಿದರೆ ಅರ್ಥ ಬರೆಯುವುದು ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ. ಕಂಬಳಿಯ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಆ ಗಂಜಿ ಕುಡಿಯುವ ಗಂಜಿಯಲ್ಲ ಎಂಬುದನ್ನು ಚೀಟಿಯಲ್ಲಿ ಹೇಗೆ ಹೇಳುವುದು? ಕಿಟೆಲರ ಮುಂದಿದ್ದ ಕೆಲಸವೂ ಇದೇ.

ಅಕಾರಾದಿಯಾಗಿ ಜೋಡಿಸುವಾಗ ಎರಡು ಕಡೆ ಎಡವುತ್ತಾರೆ. ಗುಣಿತಾಕ್ಷರವೆಲ್ಲ ಮುಗಿದ ಮೇಲೆ ಒತ್ತಕ್ಷರ ಬರಬೇಕು, ಅಂದರೆ ‘ಕಟು’ ಮೊದಲು, ‘ಕಟ್ಟು’ ಆಮೇಲೆ. ಮಕ್ಕಳು ತಿರುವುಮುರುವು ಮಾಡುತ್ತಾರೆ. ಎರಡನೆಯದು, ತಮ್ಮ ಚೀಟಿಯನ್ನು ಕಿಟೆಲರ ಮೂಲ ಮುದ್ರಣದೊಂದಿಗೆ ಹೋಲಿಸಲು ಹೋದಾಗ ‘ಅಂಗಡಿ’ ಸಿಗುವುದಿಲ್ಲ, ‘ಕಂಬ’ ಸಿಗುವುದಿಲ್ಲ. ನಿಘಂಟಿನಲ್ಲಿ ಇಲ್ಲ ಎಂದು ಮುಚ್ಚಿಡುತ್ತಾರೆ. ಅವು ಇವೆ. ಕಿಟೆಲ್ ಸೊನ್ನೆಯ ಬದಲು ಆಯಾ ವರ್ಗದ ಅನುನಾಸಿಕವನ್ನೇ ಬರೆದಿದ್ದಾರೆ, ‘ಅಙ್ಗಡಿ’, ‘ಕಮ್ಬ’ ಎಂದು. ಹುಡುಕಬೇಕಾದ್ದು ಙ, ಮ ಇರುವ ಜಾಗದಲ್ಲಿ. ಹಳಗನ್ನಡದ ಱ, ೞ ಅಕ್ಷರಗಳನ್ನೂ ಮೊದಲೇ ತೋರಿಸಿರಬೇಕು. ಈ ಒಂದು ತೊಡಕು ಬಿಡಿಸುವಾಗ ವರ್ಗೀಯ ವ್ಯಂಜನದ ಪಾಠವೇ ಆಗಿಹೋಗುತ್ತದೆ.

ಮೋಗ್ಲಿಂಗರ ಪಾಠಕ್ಕೆ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಲಿಥೊಗ್ರಫಿ. ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಮರುವರ್ಷ ಅದು ‘ಕನ್ನಡ ಸಮಾಚಾರ’ವಾಗಿ ನಮ್ಮ ಪಕ್ಕದ ಬಳ್ಳಾರಿಯಿಂದ ಹೊರಟಿತು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಅಷ್ಟೇ ಕಲ್ಲಚ್ಚಿನ ಗುಟ್ಟು. ಕಲ್ಲಿಲ್ಲದೆ ಅಡುಗೆಮನೆಯಲ್ಲೇ ಇದನ್ನು ಮಾಡಬಹುದು. ನುಣುಪಾದ ಹಲಗೆಗೆ ಅಲ್ಯೂಮಿನಿಯಂ ಫಾಯಿಲ್‌ನ ಮಂಕಾದ ಮಗ್ಗುಲು ಮೇಲೆ ಬರುವಂತೆ ಸುಕ್ಕಿಲ್ಲದೆ ಸುತ್ತಿ, ಹಿಂದೆ ಟೇಪ್ ಹಾಕಿ. ಆಯಿಲ್ ಪೇಸ್ಟಲ್ ಕಡ್ಡಿಯಿಂದ ನಾಲ್ಕು ಸಾಲು ಬರೆಯಿರಿ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು. ಮೊದಲು ಕಾಗದದಲ್ಲಿ ಬರೆದು, ಕಿಟಕಿ ಗಾಜಿಗೆ ಹಿಡಿದು ಹಿಂಬದಿಯಿಂದ ತಿದ್ದಿಕೊಂಡರೆ ತಪ್ಪುವುದಿಲ್ಲ. ಬಳಿಕ ಕಪ್ಪು ಕೋಲಾವನ್ನು ಇಡೀ ಫಾಯಿಲ್ ಮೇಲೆ ಅರ್ಧ ನಿಮಿಷ ಹರಿಸಿ, ನೀರಿನಲ್ಲಿ ತೊಳೆಯಿರಿ. ಅದರಲ್ಲಿನ ಫಾಸ್ಫಾರಿಕ್ ಆಮ್ಲ ಬರೆಯದ ಜಾಗವನ್ನು ನೀರು ಹಿಡಿಯುವಂತೆ ಮಾಡುತ್ತದೆ. ನಿಂಬೆ ಸೋಡಾದಿಂದ ಈ ಕೆಲಸ ಆಗದು. ಅಡುಗೆ ಎಣ್ಣೆ ಸೋಕಿಸಿದ ಬಟ್ಟೆಯಿಂದ ಬರೆದದ್ದನ್ನು ಒರೆಸಿಬಿಡಿ. ಅಕ್ಷರ ಹೋಯಿತೆಂದು ಮಕ್ಕಳು ಗಾಬರಿಯಾಗುತ್ತಾರೆ, ಜಿಡ್ಡು ಅಲ್ಲೇ ಉಳಿದಿರುತ್ತದೆ. ಒದ್ದೆ ಸ್ಪಂಜಿನಿಂದ ಸವರಿ, ಎಣ್ಣೆ ಮೂಲದ ಆಫ್‌ಸೆಟ್ ಶಾಯಿಯನ್ನು ಸಣ್ಣ ರೋಲರ್‌ನಿಂದ ತೆಳುವಾಗಿ ಉರುಳಿಸಿದರೆ ಅಕ್ಷರ ಮತ್ತೆ ಎದ್ದುಬರುತ್ತದೆ. ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ ತೆಗೆಯಿರಿ.

ಎಲ್ಲ ಕಡೆ ಕಪ್ಪು ಹಿಡಿದರೆ ಫಾಯಿಲ್ ಒಣಗಿದೆ ಎಂದರ್ಥ. ಪ್ರತಿ ಸಲ ಶಾಯಿಗೆ ಮೊದಲು ನೀರು ಬೇಕೇಬೇಕು. ಅಲ್ಲಲ್ಲಿ ಬೆರಳಚ್ಚು ಮೂಡಿದರೆ ಅದು ಕೈಯ ಜಿಡ್ಡು. ಬರೆಯುವಾಗ ಅಂಗೈ ಕೆಳಗೆ ಕಾಗದ ಇಟ್ಟುಕೊಳ್ಳಬೇಕು. ಸುಕ್ಕಿನಲ್ಲಿ ಗೆರೆ ಬಂದರೆ ಫಾಯಿಲ್ ಬದಲಿಸುವುದೇ ದಾರಿ. ನಾಲ್ಕೈದು ಪ್ರತಿ ಚೆನ್ನಾಗಿ ಬಂದರೆ ಸಾಕು. ಅದರಲ್ಲಿ ಅಚ್ಚು ಹಾಕುವುದು ಬೀದಿಯ ಸುದ್ದಿಯೇ ಆಗಿರಲಿ, ನೀರು ಯಾವಾಗ ಬಂತು, ಸಂತೆಯಲ್ಲಿ ಈರುಳ್ಳಿ ಎಷ್ಟು ಎಂಬಂಥದ್ದು. ಮೋಗ್ಲಿಂಗರ ಪತ್ರಿಕೆಯಲ್ಲೂ ಊರ ವರ್ತಮಾನಕ್ಕೆ ಜಾಗವಿತ್ತು.

ಹೆಂಚಿನ ವಿಷಯ ಚಿಕ್ಕದು, ಆದರೂ ಬಿಡುವಂತಿಲ್ಲ. ಹಳೆ ಮನೆಗಳ ಮಂಗಳೂರು ಹೆಂಚನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರಿರುತ್ತದೆ. ಬಾಸೆಲ್ ಮಿಷನ್ ಹೆಂಚು ಸಿಕ್ಕಿ ಅದರಲ್ಲಿ 1865 ಎಂದಿದ್ದರೆ ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಕಾಲರೇಖೆಯಲ್ಲಿ ಹಾಗೆಯೇ ನಮೂದಿಸಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಂದು ದಿನ ಮೀಸಲಿಡಿ. ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದ ಬಿ.ಎಲ್. ರೈಸ್ ಮಿಷನರಿಯಲ್ಲ, ಬೆಂಗಳೂರಿನಲ್ಲಿ ಹುಟ್ಟಿದ ಮಿಷನರಿಯ ಮಗ. ಆಗಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 11ನೇ ಸಂಪುಟದಲ್ಲಿ ಸೇರಿಸಿದವರೂ ಅವರೇ. ಶಾಸನ ಬರೆದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಗುರುತು ಹಾಕಿರುವುದನ್ನು ಮಕ್ಕಳಿಗೆ ಮೊದಲೇ ಚಿತ್ರದಲ್ಲಿ ತೋರಿಸಿ ಕರೆದೊಯ್ಯಿರಿ. ಬಂಡೆಯ ಅಕ್ಷರಕ್ಕೆ ಸೀಮೆಸುಣ್ಣ, ನೀರು ತಾಗಿಸಕೂಡದು. ಪಡಿಯಚ್ಚು ತೆಗೆಯುವ ಆಸೆಯಿದ್ದರೆ ಮನೆಯಲ್ಲಿ ಸೋಪಿನ ಮೇಲೆ ಕೊರೆದು ಮಾಡಿ.

ದೂರದವರಲ್ಲೂ ನಮ್ಮ ಊರಿಗೆ ಒಗ್ಗುವವರಿದ್ದಾರೆ. ಆಫ್ರಿಕಾಕ್ಕೆ ಹೋದ ಲಿವಿಂಗ್‌ಸ್ಟನ್ ಹತ್ತನೆಯ ವಯಸ್ಸಿನಲ್ಲೇ ಹತ್ತಿ ಗಿರಣಿ ಸೇರಿ, ಕಡಿದ ಎಳೆ ಜೋಡಿಸುತ್ತಿದ್ದ ಹುಡುಗ. ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ದುಡಿದು, ಆಮೇಲೆ ರಾತ್ರಿಶಾಲೆಗೆ ಹೋಗುತ್ತಿದ್ದ. ಆಫ್ರಿಕಾಕ್ಕೇ ಹೋದ ಇನ್ನೊಬ್ಬ ಮಿಷನರಿ ಮೇರಿ ಸ್ಲೆಸರ್ ಹನ್ನೊಂದಕ್ಕೆ ಗಿರಣಿ ಸೇರಿದವಳು. ಗಿರಣಿಗಳಿಂದಲೇ ಹೆಸರಾದ ದಾವಣಗೆರೆಯಲ್ಲಿ ಹಳೆಯ ಗಿರಣಿ ಕಾರ್ಮಿಕರೊಬ್ಬರನ್ನು ಕೂರಿಸಿಕೊಂಡು ಈ ಅಧ್ಯಾಯ ಓದಿದರೆ ಯಾವ ಕೈಪಿಡಿಯೂ ಬೇಡ.

ಕೊನೆಗೆ ಬಹಳ ಮುಖ್ಯವಾದದ್ದು. ಮಕ್ಕಳಿಗಾಗಿ ಬರೆದ ಮಿಷನರಿ ಚರಿತ್ರೆಗಳಲ್ಲಿ ಸಂಭಾಷಣೆಗಳು ಬಹುಪಾಲು ಲೇಖಕರ ಕಲ್ಪನೆ. ಊರಿನವರೆಲ್ಲ ಕತ್ತಲಲ್ಲಿದ್ದಂತೆ, ಬಂದವರೊಬ್ಬರೇ ದೀಪ ಹಿಡಿದಂತೆ ಬರೆದಿರುವುದೂ ಉಂಟು. ನೋಟ್‌ಬುಕ್ಕಿನ ಪುಟವನ್ನು ಎರಡು ಅಂಕಣ ಮಾಡಿ, ‘ದಾಖಲೆ ಇರುವುದು’, ‘ಲೇಖಕರು ಸೇರಿಸಿದ್ದು’ ಎಂದು ಮಗುವೇ ಬೇರ್ಪಡಿಸಲಿ. ಕಿಟೆಲರಿಗೆ ನೆರವಾದ ಕನ್ನಡ ಪಂಡಿತರು ಎಲ್ಲಿ ಎಂದು ಕೇಳಲಿ. ಕೇರಿಯ ಹೆಂಡತಿ ಡೊರೊಥಿ ಮಗನನ್ನು ಕಳೆದುಕೊಂಡು ಮನೋರೋಗದಲ್ಲಿ ವರ್ಷಗಟ್ಟಲೆ ನರಳಿದ್ದನ್ನು ಮುಚ್ಚಿಡಬೇಡಿ. ಹದಿಮೂರು ದಾಟಿದವರಿಗೆ ಇದನ್ನು ಹೇಳಲೇಬೇಕು. ಕೆನರಾ ಜಿಲ್ಲೆಯಲ್ಲಿ ಹುಟ್ಟಿ, ಸಂಸ್ಕೃತ ಕಲಿತು, ತಾನೇ ಯೋಚಿಸಿ ಕ್ರೈಸ್ತಳಾದ ಪಂಡಿತಾ ರಮಾಬಾಯಿಯ ಬದುಕನ್ನು ಇವರ ಪಕ್ಕದಲ್ಲೇ ಇಟ್ಟು ಓದಿಸಿ. ಮೋಗ್ಲಿಂಗ್ ಬೈಬಲ್ ಸಾರಿದ ಕೈಯಿಂದಲೇ ಬಸವಪುರಾಣ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು ಎಂಬುದನ್ನು ಕ್ರೈಸ್ತ ಮಕ್ಕಳೂ ತಿಳಿಯಬೇಕು, ಅಕ್ಕಪಕ್ಕದ ಮನೆಯ ಮಕ್ಕಳೂ ತಿಳಿಯಬೇಕು. ಬೇರೆ ಧರ್ಮದ ಮಕ್ಕಳು ಜೊತೆಗೆ ಕುಳಿತ ದಿನ ಓದು, ಭೂಪಟ, ಕೈಕೆಲಸ ಮಾತ್ರ ಇರಲಿ. ಪ್ರಾರ್ಥನೆ ಕುಟುಂಬದ ಹೊತ್ತಿಗೆ ಮೀಸಲಾಗಲಿ, ಇದನ್ನು ಅವರ ತಂದೆತಾಯಿಗೆ ಮೊದಲೇ ಹೇಳಿರಬೇಕು.

ಸಂಪಾದಕರಲ್ಲಿ ಒಂದು ವಿನಂತಿ. ನಿಮ್ಮ ಪತ್ರಿಕೆ ಅಚ್ಚಾಗುವ ಆಫ್‌ಸೆಟ್ ಯಂತ್ರವೂ ದುಡಿಯುವುದು ಕಲ್ಲಚ್ಚಿನ ಆ ಎಣ್ಣೆ–ನೀರಿನ ತತ್ವದ ಮೇಲೆಯೇ. ಅಚ್ಚು ಮುಗಿದು ಗುಜರಿಗೆ ಹೋಗುವ ಅಲ್ಯೂಮಿನಿಯಂ ಪ್ಲೇಟುಗಳಲ್ಲಿ ಒಂದೆರಡನ್ನು ತೊಳೆದು, ಅಂಚು ಮಡಿಸಿ, ಕೇಳಿ ಬಂದ ಮಕ್ಕಳಿಗೆ ಕೊಡುವ ವ್ಯವಸ್ಥೆ ಮಾಡಿ. ಮಡಿಸದ ಅಂಚು ಕೈ ಕೊಯ್ಯುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ ಬಂದು ತೆಗೆದುಕೊಳ್ಳಬೇಕೆಂದು ಇದೇ ಅಂಕಣದಲ್ಲಿ ತಿಳಿಸಿದರೆ ಜುಲೈ 1ಕ್ಕೆ ಮುಂಚೆ ಪಾಠ ಶುರುಮಾಡಬಹುದು.

– ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕೆಲವು ಪೋಷಕರು, ದಾವಣಗೆರೆ