ಅಮೆರಿಕದ ಕೋವಿಡ್ ಸಾವುಗಳ ಹಿಂದಿನ ಅಸಮಾನತೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಕೋವಿಡ್‌ನಿಂದ ಕಪ್ಪು ವರ್ಣೀಯರೂ ಮೂಲನಿವಾಸಿಗಳೂ ಬಿಳಿಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸತ್ತದ್ದಕ್ಕೆ ಅವರ ಮೈಗುಣ ಮತ್ತು ಸಕ್ಕರೆ ಕಾಯಿಲೆಯೇ ಕಾರಣವೆಂದು ಹೇಳಿ ಸುಮ್ಮನಾಗುವವರು ಈಗಲೂ ಇದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. 2020ರ ಏಪ್ರಿಲ್ ಆರಂಭದಲ್ಲಿ ಷಿಕಾಗೊ ನಗರದ ಜನಸಂಖ್ಯೆಯಲ್ಲಿ ಸುಮಾರು ಶೇ 30ರಷ್ಟಿದ್ದ ಕಪ್ಪು ವರ್ಣೀಯರು, ಅಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ಶೇ 70ರಷ್ಟಿದ್ದರು. ಮೈಗುಣವೊಂದೇ ಇಷ್ಟು ಅಂತರ ತರಲಾರದು.

ಬಸ್ ಓಡಿಸುವ, ಆಸ್ಪತ್ರೆ ಗುಡಿಸುವ, ಮಾಂಸ ಸಂಸ್ಕರಣಾ ಘಟಕಗಳಲ್ಲಿ ಒತ್ತೊತ್ತಾಗಿ ನಿಂತು ದುಡಿಯುವ ಕೆಲಸಗಳಲ್ಲಿ ಕಪ್ಪು ವರ್ಣೀಯರು ಮತ್ತು ಲ್ಯಾಟಿನ್ ಅಮೆರಿಕ ಮೂಲದ (ಲ್ಯಾಟಿನೊ) ವಲಸಿಗರ ಪಾಲು ದೊಡ್ಡದು. ಸಂಬಳಸಹಿತ ಅನಾರೋಗ್ಯ ರಜೆಯನ್ನು ಎಲ್ಲರಿಗೂ ಖಾತರಿಪಡಿಸುವ ರಾಷ್ಟ್ರೀಯ ಕಾನೂನು ಆ ದೇಶದಲ್ಲಿರಲಿಲ್ಲ. 2020ರ ಮಾರ್ಚ್‌ನಲ್ಲಿ ತಂದ ತುರ್ತು ಕಾನೂನು ಕೂಡ 500 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳನ್ನು ಹೊರಗಿಟ್ಟಿತು. ಹೀಗಾಗಿ ಜ್ವರ ಬಂದರೂ ಕೆಲಸಕ್ಕೆ ಹೋಗದೆ ಅನೇಕರಿಗೆ ಗತಿಯಿರಲಿಲ್ಲ. ನವಾಹೊ ಮೂಲನಿವಾಸಿಗಳ ನಾಡಿನಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮನೆಗಳಿಗೆ ನಲ್ಲಿ ನೀರಿಲ್ಲ. ದೂರದಿಂದ ವಾಹನದಲ್ಲಿ ಡ್ರಮ್ ಹೇರಿಕೊಂಡು ನೀರು ತರುವ ಕುಟುಂಬಕ್ಕೆ ಪದೇ ಪದೇ 20 ಸೆಕೆಂಡು ಕೈ ತೊಳೆಯಿರೆಂದು ಹೇಳುವುದು ಎಂಥ ಆರೋಗ್ಯ ಸಲಹೆ? ಇನ್ನು ಸಕ್ಕರೆ ಕಾಯಿಲೆ, ಆಸ್ತಮಾಗಳೂ ಆಕಾಶದಿಂದ ಉದುರಿದವಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಕ್ಷೆಯಲ್ಲಿ ಕೆಂಪು ಬಳಿದು ಗೃಹಸಾಲಕ್ಕೆ ಅಪಾಯಕಾರಿಯೆಂದು ಗುರುತಿಸಿದ, ಕಪ್ಪು ವರ್ಣೀಯರು ನೆಲೆಸಿದ್ದ ಬಡಾವಣೆಗಳಲ್ಲಿ ಇವತ್ತಿಗೂ ಬಡತನ ಮತ್ತು ವಾಯುಮಾಲಿನ್ಯ ಹೆಚ್ಚು.

ನನ್ನನ್ನು ಅತಿಯಾಗಿ ಕಲಕಿದ್ದು ಪಲ್ಸ್ ಆಕ್ಸಿಮೀಟರಿನ ಸಂಗತಿ. ಬೆರಳಿನ ಮೂಲಕ ಬೆಳಕು ಹಾಯಿಸಿ ಆಮ್ಲಜನಕದ ಮಟ್ಟ ಅಳೆಯುವ ಈ ಸಾಧನ ಕಪ್ಪು ಚರ್ಮದ ಮೇಲೆ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತದೆ. ಸಾಧನ ಶೇ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತಪರೀಕ್ಷೆಯಲ್ಲಿ ನಿಜವಾದ ಮಟ್ಟ ಶೇ 88ಕ್ಕಿಂತ ಕಡಿಮೆಯಿದ್ದ ಪ್ರಕರಣಗಳು ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಉಸಿರಾಡಲು ಒದ್ದಾಡುವ ರೋಗಿಯನ್ನು ಆ ಅಂಕಿ ನೋಡಿ ಮನೆಗೆ ಕಳುಹಿಸುವ ಅಪಾಯ ಇಲ್ಲಿತ್ತು. ಈ ದೋಷದ ಸುಳಿವು 1990ರಲ್ಲೇ ಸಿಕ್ಕಿತ್ತು. ಆದರೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾರ್ವಜನಿಕ ಎಚ್ಚರಿಕೆ ನೀಡಿದ್ದು 2021ರ ಫೆಬ್ರುವರಿಯಲ್ಲಿ, ಸತ್ತವರ ಸಂಖ್ಯೆ ಐದು ಲಕ್ಷ ಸಮೀಪಿಸಿದಾಗ.

ಸಾಂಕ್ರಾಮಿಕದ ಅಂಕಿಅಂಶಗಳನ್ನು ವರ್ಣ, ಜನಾಂಗವಾರು ಮುದ್ರಿಸುವ ಪತ್ರಿಕೆಗಳು ಆ ಜನರ ಉದ್ಯೋಗ, ವಸತಿ, ನೀರು ಮತ್ತು ಚಿಕಿತ್ಸೆಯ ವಿವರಗಳನ್ನೂ ಅದರ ಪಕ್ಕದಲ್ಲೇ ಕೊಡಬೇಕೆಂದು ವಿನಂತಿಸುತ್ತೇನೆ. ಅದಿಲ್ಲದೆ ಬರೀ ಸಂಖ್ಯೆ ಕೊಟ್ಟರೆ, ಸತ್ತವರನ್ನೇ ಅವರ ಸಾವಿಗೆ ಹೊಣೆ ಮಾಡಿದಂತಾಗುತ್ತದೆ.

ಇತಿ,
ಓರ್ವ ಓದುಗ